ಅಂಚು ಮುರಿದ ಪಿನ್ನು

ಅಕ್ಕನ ಗಂಡ ಜೋಡುನಳಿಗೆ ಕೋವಿಯನ್ನು ಹಳೇ ಹೊದಿಕೆಯಲ್ಲಿ ಸುತ್ತಿಕೊಂಡು ನಮ್ಮ ರಿಪೇರಿ ಅಂಗಡಿಗೆ ಬಂದಾಗ ನಾನು ಮೊದಲು ನೋಡಿದ್ದು ಅವನ ಬೆನ್ನ ಹಿಂದೆ. ಅಕ್ಕ ಬಂದಿರಲಿಲ್ಲ. ತವರಿಗೆ ಬರುವ ಒಂದು ನೆಪವನ್ನೂ ಬಿಡದವಳು ಅವಳು.

"ಹೆಂಡ್ತಿಗಿಂತ ಕೋವಿ ವಾಸಿ, ಹೇಳಿದ ಮಾತು ಕೇಳುತ್ತೆ ಅಂತಿದ್ದೆ ಮಾವ. ಈಗ ಅದೂ ಕೈ ಕೊಡ್ತು," ಎಂದು ಅಪ್ಪನ ಮುಂದೆ ನಗುತ್ತಾ ಅದನ್ನು ಮೇಜಿನ ಮೇಲೆ ಮಲಗಿಸಿದ. ಕುದುರೆ ಎಳೆದರೆ ಟಿಕ್ ಅನ್ನುತ್ತದಂತೆ, ಈಡು ಹಾರುವುದಿಲ್ಲವಂತೆ. ಎರಡು ನಳಿಗೆಯದೂ ಅದೇ ಪಾಡು. ತೋಟಾದ ಬುಡಕ್ಕೆ ಬಡಿಯುವ ಪಿನ್ನು ಸವೆದಿರಬೇಕು, ಕೂತಲ್ಲೇ ಬದಲಾಯಿಸಿಕೊಡಿ, ಹೊತ್ತು ಮುಳುಗುವ ಮೊದಲು ಮನೆಗೆ ಹೋಗಬೇಕು ಎಂದ. ಜೇಬಿನಿಂದ ಎರಡು ತೋಟಾ ತೆಗೆದು ಮೇಜಿನ ಮೇಲೆ ನಿಲ್ಲಿಸಿದ. ಎರಡರ ಬುಡದಲ್ಲೂ ಪಿನ್ನು ತಾಗಿದ ಗುರುತು ಇರುವೆ ಕಚ್ಚಿದಷ್ಟೇ ಇತ್ತು.

ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಸಣ್ಣ ಕೆಲಸವೆಲ್ಲ ನನ್ನದು. ಭಾವನಿಗೆ ಅದು ತಮಾಷೆ. ಈ ಕನಸುಗಣ್ಣಿಯ ಕೈಗೆ ಕೊಟ್ಟರೆ ಪಿನ್ನಿನ ಜಾಗದಲ್ಲಿ ನಕ್ಷತ್ರ ಕೂರಿಸಿಬಿಟ್ಟಾಳು ಎಂದು ಅಣಕಿಸಿ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ.

"ಯಾವುದಕ್ಕೆ ಗುರಿ ಇಟ್ಟಿದ್ರಿ ಭಾವ?" ಸುಮ್ಮನೆ ಮಾತಿಗೆ ಕೇಳಿದೆ.

"ನಾಯಿಗೆ. ಎಂಥ ನಾಯಿ ಅಂತೀಯಾ, ಕಣ್ಣು ಮುಚ್ಕೊಂಡು ನಿಂತೇ ಇತ್ತು."

ನಳಿಗೆಗಳನ್ನು ಕಳಚಿ ಬದಿಗಿಟ್ಟೆ. ಕೋವಿಯ ಹಿಂಭಾಗವನ್ನು ಮೇಜಿಗೆ ಕೂರಿಸಿದ ವೈಸಿನ ದವಡೆಗೆ ಕೊಟ್ಟು ಬಿಗಿ ಮಾಡಿ, ಎರಡು ಹಲ್ಲಿನ ಕೀಲಿಯಿಂದ ಪುಟ್ಟ ಬಿಲ್ಲೆ ತಿರುಗಿಸಿದೆ. ಪಿನ್ನು ಸ್ಪ್ರಿಂಗಿನ ಸಮೇತ ಅಂಗೈಗೆ ಬಿತ್ತು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೆ.

ಸವೆದ ಪಿನ್ನಿನ ಮೂತಿ ಅಣಬೆಯ ಹಾಗೆ ಚಪ್ಪಟೆಯಾಗಿರುತ್ತದೆ, ಮದ್ದಿನ ಬೆಂಕಿ ಉಂಡು ಸಿಡುಬಿನ ಕಲೆ ಬಿದ್ದಿರುತ್ತದೆ. ಇದು ಹಾಗಿರಲಿಲ್ಲ. ಅರದಿಂದ ನೇರವಾಗಿ ಉಜ್ಜಿ ಗಿಡ್ಡ ಮಾಡಿದ್ದು. ಅಷ್ಟೇ ಆಗಿದ್ದರೆ ಯಾರ ಕೈ ಎಂದು ಗೊತ್ತಾಗುತ್ತಿರಲಿಲ್ಲ. ಉಜ್ಜಿದ ಮೇಲೆ ಸುತ್ತಲಿನ ಅಂಚಿನ ಚೂಪನ್ನು ಕೂದಲೆಳೆಯಷ್ಟು ಓರೆಯಾಗಿ ಉಜ್ಜಿ ಮುರಿದಿದ್ದರು.

ಅಂಚು ಮುರಿಯುವುದು ಅಪ್ಪನ ಹಟ. ಅರ ಮುಟ್ಟಿದ ಲೋಹದ ಚೂಪನ್ನು ಹಾಗೇ ಬಿಡಬಾರದು, ಎಸೆಯುವ ಚೂರಾದರೂ ಸರಿ, ನಾಳೆ ಕಸ ಗುಡಿಸುವ ಕೈ ಕೊಯ್ಯುತ್ತದೆ. ಬೆರಳ ಗೆಣ್ಣಿನ ಮೇಲೆ ಏಟು ಕೊಟ್ಟು ಇದನ್ನು ಇಬ್ಬರಿಗೆ ಕಲಿಸಿದ್ದ. ಒಬ್ಬಳು ನಾನು.

ಅಂದರೆ ಅಕ್ಕ ಗಂಡನ ಕೋವಿಯನ್ನು ಕದ್ದು ಬಿಚ್ಚಿದ್ದಾಳೆ. ಕೆಡಿಸುವಾಗಲೂ ಅಚ್ಚುಕಟ್ಟಾಗಿ ಕೆಡಿಸಿದ್ದಾಳೆ. ಇವನು ಒಂದು ದಿನ ಕುದುರೆ ಎಳೆಯುತ್ತಾನೆಂದು ಅವಳಿಗೆ ಗೊತ್ತಿತ್ತು. ಎಳೆದಿದ್ದಾನೆ, ಎರಡು ಸಲ. ನಾಯಿ ಆಗಿದ್ದರೆ ಓಡುತ್ತಿತ್ತು. ಕಣ್ಣು ಮುಚ್ಚಿ ನಿಲ್ಲುವುದು ನಾಯಿಯಲ್ಲ.



ಪಿನ್ನನ್ನು ಒಯ್ದು ಅಪ್ಪನ ಅಂಗೈಯಲ್ಲಿಟ್ಟೆ. ಅಳತೆ ನೋಡಪ್ಪ ಎಂದೆ, ಅಷ್ಟೇ. ಅಪ್ಪ ಹೆಬ್ಬೆರಳಿನಿಂದ ಮೂತಿಯನ್ನು ಸವರಿದ. ಬೆರಳು ಅಂಚಿನ ಮೇಲೆ ನಿಂತಿತು, ಮತ್ತೆ ಸವರಿತು. ಮುಖದಲ್ಲಿ ಏನೂ ಕದಲಲಿಲ್ಲ.

"ಹೊಸ ಪಿನ್ನು ಮಾಡೋಕೆ ಈ ಗಾತ್ರದ ಕಂಬಿ ನಮ್ಮಲ್ಲಿಲ್ಲ. ಹೋಗಿ ತರ್ತೀನಿ. ಅಳಿಯಂದಿರನ್ನ ಮಾತಾಡಿಸ್ತಿರು ಮಗಳೇ."

ಆ ಗಾತ್ರದ ಉಕ್ಕಿನ ಕಂಬಿ ನನ್ನ ಮೊಣಕಾಲಿಗೆ ತಾಗುತ್ತಿದ್ದ ಡ್ರಾಯರಿನಲ್ಲಿ ಒಂದು ಕಟ್ಟು ಇತ್ತು. ಅಪ್ಪನೇ ಇಟ್ಟದ್ದು. ಅವನು ಪಕ್ಕದ ಬೀಗದಂಗಡಿಯವನ ಸ್ಕೂಟರಿನ ಹಿಂದೆ ಹತ್ತುವುದು ಕಿಟಕಿಯಲ್ಲಿ ಕಂಡಿತು. ಸ್ಕೂಟರು ಪೇಟೆಯ ಕಡೆಗಲ್ಲ, ಅಕ್ಕನ ಮನೆಯ ಕಡೆಗೆ ತಿರುಗಿತು. ಪುಣ್ಯಕ್ಕೆ ಭಾವ ಕಿಟಕಿಗೆ ಬೆನ್ನು ಕೊಟ್ಟಿದ್ದ.

ಇನ್ನು ಇವನನ್ನು ಇಲ್ಲೇ ಕೂರಿಸಬೇಕು. 

ಅಜ್ಜಿಯ ಕಥೆಯೊಂದರಲ್ಲಿ ರಾಕ್ಷಸನ ಮನೆಗೆ ಸಿಕ್ಕಿಬಿದ್ದ ಹುಡುಗಿ ಅವನ ತಲೆ ಬಾಚುತ್ತಾ ಮಾತಾಡುತ್ತಾಳೆ, ಅವನು ಹೂಂಗುಟ್ಟುತ್ತಾನೆ. 'ಹೂಂ ಅನ್ನೋನ ಕಾಲು ಕಥೆಯೊಳಗೆ ಸಿಕ್ಕಿರುತ್ತೆ ಕೂಸೇ, ಎದ್ದು ಹೋಗೋಕಾಗಲ್ಲ' ಅನ್ನುತ್ತಿದ್ದಳು ಅಜ್ಜಿ. ಆಗ ನನಗೆ ಹೆದರಿಕೆಯಾಗುತ್ತಿದ್ದುದು ರಾಕ್ಷಸನದ್ದಲ್ಲ, ಹುಡುಗಿಗೆ ಮಾತು ಮುಗಿದುಹೋದರೆ ಎಂಬುದು.

ಶುರು ಮಾಡಿದೆ. ಪಿನ್ನು ಉದ್ದವಾದರೆ ತೋಟಾವನ್ನು ತೂತು ಮಾಡುತ್ತೆ ಭಾವ, ಬೆಂಕಿ ಹಿಂದಕ್ಕೆ ನಿಮ್ಮ ಮುಖಕ್ಕೇ ಬರುತ್ತೆ. ಹ್ಞೂಂ. ಗಿಡ್ಡವಾದರೆ ಈಡು ಹಾರಲ್ಲ. ಹ್ಞೂಂ. ಉಕ್ಕಿಗೂ ಹದ ಬೇಕು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಾಜಿನ ಹಾಗೆ ಪೆಡಸಾಗುತ್ತೆ, ಮುಟ್ಟಿದರೆ ಮುರಿಯುತ್ತೆ. ಮತ್ತೆ ಮೆಲ್ಲಗೆ ಕಾಯಿಸಬೇಕು, ಹುಲ್ಲಿನ ಬಣ್ಣ ಬರುತ್ತೆ, ಜೇನಿನ ಬಣ್ಣ ಬರುತ್ತೆ, ಕಡೆಗೆ ನೀಲಿ. ಹ್ಞೂಂ. ಮಾತಾಡುತ್ತಲೇ ಎರಡನೇ ಪಿನ್ನನ್ನೂ ತೆಗೆದೆ. ವೈಸನ್ನು ಇನ್ನೊಂದು ಸುತ್ತು ಬಿಗಿ ಮಾಡಿ, ಅದನ್ನು ಸಡಿಲಿಸುವ ಹಿಡಿಯನ್ನು ಮೆಲ್ಲಗೆ ಜಾರಿಸಿ ಏಪ್ರನ್ ಜೇಬಿಗೆ ಹಾಕಿಕೊಂಡೆ.

ಹ್ಞೂಂ ನಿಂತಿತು.

ಬೆಂಕಿಪೊಟ್ಟಣ ಹುಡುಕುತ್ತಾ ಭಾವ ನನ್ನ ಪಕ್ಕಕ್ಕೇ ಬಂದಿದ್ದ. ಡ್ರಾಯರು ಎಳೆದ. ಕಂಬಿಯ ಕಟ್ಟು ನೋಡಿದ, ಹಳೇ ಪಿನ್ನು ನೋಡಿದ, ಎರಡನ್ನೂ ಒಟ್ಟಿಗೆ ಹಿಡಿದ. ಒಂದೇ ಗಾತ್ರ.

"ಇದೇನು ಮತ್ತೆ?"

"ಅದಕ್ಕೆ ಹದ ನಿಲ್ಲಲ್ಲ ಭಾವ."

"ನಿಲ್ಲುತ್ತೋ ಇಲ್ವೋ ನೋಡೋಣ. ಮಾಡು."

ಮಾಡಿದೆ. ಪುಟ್ಟ ಲೇತಿನಲ್ಲಿ ಕಂಬಿ ತಿರುಗುವಾಗ ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಮೂತಿ ದುಂಡಗೆ ಮಾಡಿದೆ, ಅಂಚು ಮುರಿದೆ, ಕೆಂಪಗೆ ಕಾಯಿಸಿ ಎಣ್ಣೆಗೆ ಹಾಕಿದೆ. ಚುಂಯ್ ಎಂದಿತು. ಇಷ್ಟೊಂದು ಹೆದರಿಕೆಯಲ್ಲೂ ನನ್ನ ಕೈ ಕೆಲಸ ಕೆಡಿಸಲಿಲ್ಲ. ಅದನ್ನು ನೋಡಿ ಇನ್ನಷ್ಟು ಹೆದರಿಕೆಯಾಯಿತು.

ಸಾಕು, ಕೂರಿಸು ಎಂದ. ಇನ್ನೂ ನೀಲಿ ಬರಬೇಕು ಎಂದೆ. ಬಣ್ಣ ಕಟ್ಟಿಕೊಂಡು ನನಗೇನಾಗಬೇಕು ಎಂದ. ನಿಂತಿದ್ದ ತೋಟಾಗಳನ್ನು ಒಂದೊಂದಾಗಿ ಜೇಬಿಗೆ ಹಾಕಿಕೊಂಡ.

ಆಗ ನನ್ನ ಫೋನು ಬಡಿದುಕೊಂಡಿತು. ಅಪ್ಪ. "ಕಂಬಿ ಸಿಕ್ತು ಮಗಳೇ. ಸೊಟ್ಟಗಾಗಿಲ್ಲ," ಎಂದ. ಹಿಂದಿನಿಂದ ಯಾರೋ ಮೂಗು ಎಳೆದುಕೊಂಡಿದ್ದು ಕೇಳಿತು. ಹುಟ್ಟಿದಾಗಿನಿಂದ ಕೇಳಿದ ಮೂಗು ಅದು.

ಪಿನ್ನನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿದೆ. ಗಾಜಿನ ಹಾಗೆ ಎರಡಾಯಿತು.

"ಹೇಳಿದ್ನಲ್ಲ ಭಾವ. ನಿಲ್ಲಲ್ಲ."

ಅವನು ಚೂರುಗಳನ್ನು ನೋಡಿದ. ಆಮೇಲೆ ನನ್ನನ್ನು. ಕೋವಿಗೆ ಕೈ ಹಾಕಿ ಎಳೆದ, ವೈಸು ಬಿಡಲಿಲ್ಲ. ಹಿಡಿಗೆಂದು ತಡಕಿದ, ಹಿಡಿ ಇರಲಿಲ್ಲ.

"ನಿಮ್ಮಕ್ಕ ಎಲ್ಲಿ?"

  ನಾನು ಸುತ್ತಿಗೆಯನ್ನು ಬಿಗಿಯಾಗಿ ಹಿಡಿದೆ.  ಬೀದಿಯಲ್ಲಿ ಅಪ್ಪ ಹೋಗಿದ್ದ ಸ್ಕೂಟರಿನ ಸದ್ದಾಯಿತು, ಹಿಂದೆಯೇ ಅಕ್ಕನನ್ನು ಕರೆತಂದ ಇನ್ನೊಂದರ ಸದ್ದೂ. ಅವನು ಹಿಂಬಾಗಿಲಿನಿಂದ ಹೋದ.

ಆಮೇಲೆ ನಾನು ಮನೆಗೆ ಬಂದಾಗ ಅಕ್ಕ ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಒಂದು ಲೋಟ ನೀರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಪ್ಪ ಠಾಣೆಗೆ ಹೋಗಿದ್ದ. ಹೇಗೆ ಗೊತ್ತಾಯಿತು ಎಂದು ಕೇಳಿದಳು. ಅಂಚು ಮುರಿದಿದ್ದೆಯಲ್ಲ ಎಂದೆ.

ಅವಳು ತನ್ನ ಬೆರಳ ಗೆಣ್ಣುಗಳನ್ನು ನೋಡಿಕೊಂಡಳು. "ಇಲ್ಲ ಕಣೆ. ಅವನು ಬಚ್ಚಲಲ್ಲಿದ್ದ. ಅಂಚು ನೋಡೋಷ್ಟು ಹೊತ್ತೆಲ್ಲಿತ್ತು?" ಅವಳಿಗೆ ತಿಳಿಯದೆಯೇ ಅವಳ ಕೈ ಅಂಚು ಮುರಿದಿತ್ತು.

ಕೋವಿ ಇನ್ನೂ ವೈಸಿನಲ್ಲೇ ಇದೆ, ಹಿಡಿ ನನ್ನ ಜೇಬಿನಲ್ಲಿದೆ. ತೋಟಾಗಳು ಅವನ ಜೇಬಿನಲ್ಲಿವೆ. ಕೋವಿ ರಿಪೇರಿ ಮಾಡುವವರು ನಾವೊಬ್ಬರೇ ಅಲ್ಲ. ಎದ್ದು ಹೋಗಿ ಬಾಗಿಲ ಅಗುಳಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿ ಬಂದೆ.