ಸೀರೆಡ್‌ನ ಪಾಲಿನ ಉಳುಮೆ

ಸುಗ್ಗಿ ಶುರುವಾಗಿ ವಾರವಾಗಿತ್ತು. ಬ್ರೂನ್ ತನ್ನ ಗೋಧಿಯನ್ನು ಹಾಗೇ ಬಿಟ್ಟು, ಪಕ್ಕದ ಸೀರೆಡ್‌ನ ಹೊಲದಲ್ಲಿ ಬಗ್ಗಿ ಕುಡುಗೋಲು ಆಡಿಸುತ್ತಿದ್ದ. ಸಸೆಕ್ಸ್ ಕಡೆಯ ಕಟ್ಟಳೆಯೇ ಹಾಗೆ. ದೊರೆಯ ದಂಡಿಗೆ ಊರಿನಿಂದ ಒಬ್ಬ ಹೋಗಬೇಕು, ಉಳಿದವರು ಅವನಿಗೆ ಬುತ್ತಿ ಕಟ್ಟಬೇಕು, ಪಕ್ಕದ ಹೊಲದವನು ಅವನ ಬೆಳೆ ಕೊಯ್ದಿಡಬೇಕು. ಹೋದವನು ಬಂದು ಕೊಯ್ದವನ ಹೊಲ ಉತ್ತು ಆ ಋಣ ತೀರಿಸಬೇಕು.

ವಸಂತದಲ್ಲಿ ಬಾಲಚುಕ್ಕಿ ಮೂಡಿ, ಕಡಲಾಚೆಯ ನಾರ್ಮನ್ನರು ಬರುತ್ತಾರೆಂದು ಸುದ್ದಿ ಹಬ್ಬಿದಾಗ ಯಾರನ್ನು ಕಳಿಸುವುದೆಂದು ಗೊತ್ತುಮಾಡಲು ಹಿರಿಯರು ಚರ್ಚಿನ ಅಂಗಳದಲ್ಲಿ ಸೇರಿದ್ದರು. ಈಟಿ ತನ್ನ ಕೈಗೇ ಬರುತ್ತದೆಂದು ಬ್ರೂನ್ ಗಡ್ಡ ಬಾಚಿಕೊಂಡು ಹೋಗಿದ್ದ. ಅವರು ಕೊಟ್ಟದ್ದು ಸೀರೆಡ್‌ಗೆ. ಬ್ರೂನ್‌ನ ಹೆಂಡತಿ ಲೆವೀವ ತಾನು ನೇಯ್ದ ಉಣ್ಣೆಯ ಹೊದಿಕೆಯನ್ನು ಅವನ ಬುತ್ತಿಯ ಮೇಲಿಟ್ಟಳು. ಅದನ್ನು ನೇಯಲು ಕೂತಾಗ ಬ್ರೂನ್‌ಗೆಂದು ಹೇಳಿದ್ದಳು.

"ಇವನ ತೆನೆ ನೋಡು, ಹೆಂಗೆ ತುಂಬ್ಕೊಂಡೈತೆ," ಎಂದಳು ಈಗ ಲೆವೀವ, ಕೊಯ್ದ ಗೋಧಿಯ ಸಿವುಡು ಕಟ್ಟುತ್ತಾ.

"ಹೆಸರು ಅವನದು, ಸೊಂಟ ನಂದು."

"ಗೋಧಿ ಮೇಲೂ ಹೊಟ್ಟೆಕಿಚ್ಚಾ ನಿಂಗೆ?"

ಸೆಪ್ಟೆಂಬರಿನಲ್ಲಿ ದಂಡಿನ ದವಸ ಮುಗಿದು ಸೀರೆಡ್ ಮನೆಗೆ ಬಂದ. ಬೇಸಿಗೆಯಿಡೀ ಕಡಲತೀರ ಕಾದದ್ದೇ ಬಂತು, ಒಂದು ಹಡಗೂ ಕಂಡಿರಲಿಲ್ಲ. ಆದರೂ ಹೆಂಗಸರು ಬಾರ್ಲಿ ಹೆಂಡ ತಂದು ಅವನನ್ನು ಮುತ್ತಿಕೊಂಡರು.

"ಏನೇನ್ ನೋಡ್ದೆ ಸೀರೆಡಣ್ಣ?"

"ಒಂದು ಅಲೆ ನೋಡ್ದೆ ಕಣವ್ವ. ಆಮೇಲೆ ಅದರ ತಮ್ಮನ್ನ ನೋಡ್ದೆ."

ಲೆವೀವ ಗೋಡೆಗೆ ಒರಗಿಕೊಂಡು ನಕ್ಕಳು. ಆ ನಗೆಯನ್ನು ತನ್ನ ಮನೆಯಲ್ಲಿ ಯಾವತ್ತೂ ಕೇಳಿಲ್ಲವಲ್ಲ ಎಂದು ಬ್ರೂನ್ ಲೆಕ್ಕಹಾಕಿದ.

ತಿಂಗಳೊಳಗೆ ನಾರ್ಮನ್ನರು ನಿಜಕ್ಕೂ ಬಂದಿಳಿದರು. ಮತ್ತೆ ಕರೆ ಬಂತು. ಸೀರೆಡ್ ಈಟಿ ಹಿಡಿದು ಬ್ರೂನ್‌ನ ಬಾಗಿಲಿಗೆ ಬಂದ.

"ನನ್ನ ಹೆಂಡ್ತಿ ಗೋಡಾಗೆ ದಿನ ತುಂಬೈತೆ ಕಣೋ. ಈ ಸಲ ನೀನು ಹೋಗ್ತೀಯಾ? ನಿಂಗೂ ಆಸೆ ಇತ್ತಲ್ಲ."

ಬ್ರೂನ್‌ನ ಕೈ ಈಟಿಯತ್ತ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಲೆವೀವ, "ನೀನೇ ಹೋಗ್ಬಾ, ಪಾಪ, ಅವನ ಮುಖ ನೋಡೋಕಾಗಲ್ಲ," ಎಂದಳು.

ಕೈ ಹಿಂದಕ್ಕೆ ಬಂತು.

"ಬೇಸಿಗೆಯೆಲ್ಲಾ ಊರಿನ ಬುತ್ತಿ ತಿಂದೋನು ನೀನು. ನೀನೇ ಹೋಗು. ಬಂದು ನನ್ನ ಹೊಲ ಉಳು, ಋಣ ಐತೆ."

"ಉಳ್ತೀನಿ ಬಿಡಪ್ಪ," ಎಂದು ಸೀರೆಡ್ ಹೋದ. ಗುಡ್ಡದ ಮೇಲಿನ ಕಾಳಗದಿಂದ ಅವನು ವಾಪಸು ಬರಲಿಲ್ಲ.

ಕ್ರಿಸ್‌ಮಸ್‌ಗೆ ನಾರ್ಮನ್ ದೊರೆಗೆ ಪಟ್ಟವಾಯಿತು. ಅದು ಕಳೆದು ಮೊದಲ ಉಳುಮೆಯ ದಿನ, ಗೋಡಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತನ್ನ ಎತ್ತುಗಳನ್ನು ಹೊಡೆದುಕೊಂಡು ಬಂದಳು.

"ಅವ್ರು ನಿಂಗೆ ಉಳುಮೆ ಕೊಡಬೇಕಿತ್ತಂತೆ. ಹೋಗೋವಾಗ ಹೇಳಿದ್ರು."

"ಬಿಡವ್ವ, ಈಗ ಅದೆಲ್ಲಾ..."

"ಬಿಡೋಕೆ ನಿನ್ನ ಮಾತಲ್ಲ ಅದು, ಅವರ ಮಾತು."

ಕೂಸನ್ನು ಲೆವೀವಳ ಕೈಗೆ ಕೊಟ್ಟು, ಬಾರುಕೋಲು ಹಿಡಿದು ಎತ್ತುಗಳ ಪಕ್ಕ ನಡೆದಳು. ಬ್ರೂನ್ ನೇಗಿಲ ಮೇಳಿ ಹಿಡಿದ. ಬದುವಿನ ಮೇಲೆ ಲೆವೀವ ಕೂಸಿನ ಮುಖ ನೋಡುತ್ತಾ ಅಳುತ್ತಿದ್ದಳು. ಬ್ರೂನ್ ಸಾಲು ನೋಡಲಿಲ್ಲ, ಅವಳನ್ನೇ ನೋಡಿದ. ನೇಗಿಲು ಅಡ್ಡ ಹೋಯಿತು.

"ನೆಟ್ಟಗೆ ಹಿಡಿ," ಎಂದಳು ಗೋಡಾ, ತಿರುಗದೆ.

ಸಂಜೆಗೆ ಹೊಲ ಮುಗಿಯಿತು. ಗೋಡಾ ನೊಗ ಬಿಚ್ಚಿದಳು.

"ತೀರ್ತಲ್ಲ?"

"ತೀರ್ತು," ಎಂದ ಬ್ರೂನ್.

ಲೆವೀವ ಕೂಸನ್ನು ಕೆಳಗಿಳಿಸದೆ ಗೋಡಾಳ ಹಿಂದೆಯೇ ಹೋದಳು. ಕೂಸಿಗೆ ಸೀರೆಡ್‌ನದೇ ಮೂಗು.