ಕಿಹೇಯಿ ಸರಿಸಿದ ಕಲ್ಲು

ಕಿಹೇಯಿಯ ಚಿತೆ ಆರಿದ ಮೇಲೆ, ಊರಿನ ಪದ್ಧತಿಯಂತೆ, ಅವನ ಒಂದೇ ಮೂಳೆಯನ್ನು ಇಬ್ಬರೂ ತಮ್ಮ ತಮ್ಮ ಕಡ್ಡಿಗಳಿಂದ ಹಿಡಿದಿದ್ದರು. ಹಿಡಿದ ಮೇಲೆ ಅಸ್ಥಿಯ ಕುಡಿಕೆಗೆ ಹಾಕುವವರೆಗೆ ಬಿಡುವಂತಿಲ್ಲ. ಒನೊದೆರಾ ತೊಯೊಜಿ ಇದೇ ಹೊತ್ತಿಗೆ ಕಾದಿದ್ದವನಂತೆ ಕಿಹೇಯಿಯ ಮಗಳು ಹಿಸಾಕೊಳ ಕಿವಿಯತ್ತ ಬಗ್ಗಿದ.

"ನಿಮ್ಮಪ್ಪ ಆ ಕಲ್ಲು ಸರಿಸಿದ್ದು ಹೌದೋ ಅಲ್ವೋ? ಅಷ್ಟು ಹೇಳಿಬಿಡು."

"ಮೂಳೆ ಬೀಳುತ್ತೆ ಅಣ್ಣಾ, ನೆಟ್ಟಗೆ ಹಿಡೀರಿ."

"ಬಿದ್ರೆ ನನ್ನ ಕೈಯಿಂದ ಬೀಳಲ್ಲ."

ಬೆನ್ನೆಲುಬಿನ ಚೂರು ಕುಡಿಕೆಯೊಳಗೆ ಸೇರಿತು. ಸುತ್ತ ನಿಂತವರು ಏನೂ ಕೇಳಿಸದವರಂತೆ ನೆಲ ನೋಡುತ್ತಿದ್ದರು; ಒಂದು ಮಾತನ್ನೂ ಕೇಳದೆ ಬಿಟ್ಟಿರಲಿಲ್ಲ.

ಕೊಶಿರಾದಲ್ಲಿ ಗುಡ್ಡ ಮುಗಿಯುವುದೂ ಕಡಲು ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಕಡೆ. ಐವತ್ತು ವರ್ಷದ ಹಿಂದೆ ಕಡಲುಕ್ಕಿ ದೊಡ್ಡ ನೀರು ಬಂದು ಅರ್ಧ ಊರನ್ನು ಒಯ್ದ ಮೇಲೆ, ಉಳಿದವರು ನೀರು ಮುಟ್ಟಿದ ಗುರುತಿಗೆಂದು ಕಲ್ಲು ನೆಟ್ಟರು: "ಇದರ ಕೆಳಗೆ ಮನೆ ಕಟ್ಟಬೇಡಿ." ಒಂದು ಬಿರುಗಾಳಿಗೆ ಆ ಕಲ್ಲು ಮಗುಚಿತು. ಅದನ್ನು ಮತ್ತೆ ನಿಲ್ಲಿಸಿದವನು ಉಸುಝಾವಾ ಕಿಹೇಯಿ, ಒಬ್ಬನೇ ಎಂದು ಊರು ನಂಬಿತ್ತು. ನಿಲ್ಲಿಸಿದ್ದು ಹಳೇ ಜಾಗದಲ್ಲಲ್ಲ, ಬಹಳ ಮೇಲೆ ಎಂಬುದು ಊರಿನ ಗುಮಾನಿ. ಕಾರಣವನ್ನೂ ಊರೇ ಹುಡುಕಿತ್ತು. ಕಲ್ಲಿನ ಕೆಳಗೆ ಖಾಲಿ ಉಳಿದ ಇಳಿಜಾರಿನಲ್ಲಿ ಇಷ್ಟು ವರ್ಷ ಕಡಲಪಾಚಿ ಒಣಗಿಸಿದವನು ಅವನೇ ತಾನೆ? ನೆಲ ಮಾತ್ರ ಒನೊದೆರಾ ಮನೆಯದು. ಅಲ್ಲಿ ಮಗನಿಗೂ ಮೊಮ್ಮಗನಿಗೂ ಒಂದು ಮನೆ ಕಟ್ಟಬೇಕೆಂದು ತೊಯೊಜಿಯ ಆಸೆ. ಸಾವು ಮದುವೆಗಳಿಗೆ ಒದಗುವ ಹತ್ತು ಮನೆಗಳ ಕೂಟದ ಮುಂದೆ ಕಲ್ಲು ಸುಳ್ಳೆಂದು ಸಾಬೀತಾದರೆ, ಅವನು ನಾಳೆಯೇ ಪಾಯ ತೋಡುವವನು.

*

ಹಿಸಾಕೊಗೆ ಆಗ ಒಂಬತ್ತು ವರ್ಷ. ಗಂಡಸರೆಲ್ಲ ಮೀನಿಗೆಂದು ಉತ್ತರಕ್ಕೆ ಹೋಗಿದ್ದರು. ಮಂಜು ಕವಿದ ಬೆಳಗ್ಗೆ ಅಪ್ಪ ಕಲ್ಲನ್ನು ಮರದ ದಿಮ್ಮಿಗಳಿಗೆ ಬಿಗಿದು ಎಳೆಯುತ್ತಿದ್ದ. ಅವಳು ಹಿಂದಿನಿಂದ ಬೆಣೆ ಇಡುತ್ತಿದ್ದಳು.

"ಅಪ್ಪಾ, ಇದರ ಜಾಗ ಕೆಳಗಲ್ವಾ?"

"ಬಾಯಿ ಮುಚ್ಕೊಂಡು ಬೆಣೆ ಇಡು."

ಒಂದು ತಿರುವಿನಲ್ಲಿ ಅಪ್ಪ ಸೊಂಟ ಹಿಡಿದು ಕೂತುಬಿಟ್ಟ. ಕಲ್ಲನ್ನು ಅಲ್ಲೇ ನೆಟ್ಟರು. ಅಂದು ಬಾಗಿದ ಬೆನ್ನು ಸಾಯುವವರೆಗೂ ನೆಟ್ಟಗಾಗಲಿಲ್ಲ. ಯಾರಿಗೂ ಹೇಳಬೇಡ ಎಂದ, ಅವಳು ಹೇಳಲಿಲ್ಲ.

ಅವಳು ಮದುವೆಯಾಗಿ ಸೇರಿದ್ದು ಆ ಕಲ್ಲಿಗಿಂತ ತುಸುವೇ ಮೇಲಿನ ಮನೆಗೆ. ಅಪ್ಪ ಬರುತ್ತಿದ್ದ, ಒಂದು ದಿನವೂ ಒಳಗೆ ಕೂತು ಚಹಾ ಕುಡಿಯಲಿಲ್ಲ. ಮೊಮ್ಮಗಳು ಮಿಹೊಳನ್ನು ಎತ್ತಿಕೊಂಡು ಗುಡಿಯ ಪಕ್ಕದ ತನ್ನ ಗುಡಿಸಲಿಗೆ ಹತ್ತಿಹೋಗುತ್ತಿದ್ದ. ಅಳಿಯನನ್ನು ಕಂಡರೆ ಆಗದೇನೋ ಎಂದು ಅವಳು ನೊಂದುಕೊಂಡಿದ್ದಳು. ಅದಕ್ಕಿಂತ ದೊಡ್ಡ ನೋವು ಇನ್ನೊಂದಿತ್ತು. ಊರಿನ ಹಾಗೆ ಅವಳಿಗೂ ಅಪ್ಪನ ಮೇಲೆ ಗುಮಾನಿ.

*

ಮಂತ್ರ ಮುಗಿದು ಗುಡಿಯ ಹಜಾರದಲ್ಲಿ ಊಟಕ್ಕೆ ಕೂತಾಗ ತೊಯೊಜಿ ಎದ್ದು ನಿಂತ.

"ಕೂಟದ ಮುಂದೆ ಕೇಳ್ತಿದೀನಿ. ಕದ್ದ ನೆಲದ ಮಾತು ಸತ್ತವನ ಜೊತೆ ಮಣ್ಣಾಗಬಾರದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಹಿಸಾಕೊ ಬೆಚ್ಚಿದಳು. ಅಪ್ಪನ ಕುಡಿಕೆ ಎದುರಿಗೇ ಇತ್ತು. ಅದರ ಮುಂದೆ ಸುಳ್ಳು ಹೇಳಲು ಅವಳಿಂದಾಗಲಿಲ್ಲ.

"ಸರಿಸಿದ್ದು ಹೌದು. ನಾನೇ ಬೆಣೆ ಇಟ್ಟೆ."

"ಕೇಳಿದ್ರಲ್ಲ? ನಾಳೆಯೇ ಪಾಯ."

"ತೋಡು ಮಗಾ. ಪಕ್ಕದಲ್ಲೇ ನಿನ್ನ ಗುಂಡೀನೂ ತೋಡ್ಕೋ."

ಮಾತಾಡಿದವಳು ತೊಯೊಜಿಯ ತಾಯಿ, ಮುದುಕಿ ತೊಮೆ. ಮೂಲಂಗಿ ಉಪ್ಪಿನಕಾಯಿಯನ್ನು ಒಸಡಿನಲ್ಲೇ ಅರೆಯುತ್ತಿದ್ದಳು.

"ಅಮ್ಮಾ, ಜಾಸ್ತಿ ಕುಡಿದಿದೀಯ."

"ಕುಡಿದಿದೀನಿ, ಅದಕ್ಕೇ ಬಾಯಿ ಬಂದಿದೆ. ಕಲ್ಲನ್ನ ಮೊದಲು ನೆಡಿಸಿದ್ದು ನಿನ್ನ ತಾತ. ನೀರು ಎಲ್ಲಿಗೆ ಬಂತು ಅಂತ ನೋಡಿ ನೆಡಿಸಿದ್ದಲ್ಲ, ನಮ್ಮ ನೆಲ ಎಲ್ಲಿಂದ ಶುರು ಅಂತ ನೋಡಿ, ಅದು ಕಲ್ಲಿನ ಮೇಲೇ ಉಳೀಲಿ ಅಂತ. ಹೊಸ ಸೊಸೆ ನಾನು, ಏನನ್ನಲಿ? ಕಿಹೇಯಿಗೆ ಗೊತ್ತಿತ್ತು. ಅವನ ಅಮ್ಮನ ಹೆಣ ಇಳಿಸಿಕೊಂಡವನು ಅವನೇ."

ಹಿಸಾಕೊಳ ಕಣ್ಣು ತುಂಬಿಬಂತು. ಅಪ್ಪ ಕಳ್ಳನಲ್ಲ. "ಹಾಗಾದ್ರೆ ಅಪ್ಪ ನೀರಿನ ಗುರುತಿಗೇ ತಂದು ನಿಲ್ಲಿಸಿದ್ದು, ಅಲ್ವಾ ಅಜ್ಜಿ?"

"ಎಲ್ಲಿ ತಂದ? ಅರ್ಧ ದಾರೀಲಿ ಸೊಂಟ ಮುರೀತು. ನೀರಲ್ಲಿ ತೇಲಿಬಂದು ಅವನಮ್ಮ ಸಿಕ್ಕಿಕೊಂಡಿದ್ದು ಇಗೋ, ಈ ಗುಡಿ ಮೆಟ್ಟಿಲ ಕೆಳಗಿನ ದೇವದಾರು ಮರದಲ್ಲಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕಲ್ಲು ಸುಳ್ಳು ಅಂತಾಗ್ತಿತ್ತು. ಸುಳ್ಳು ಕಲ್ಲಿನ ಮಾತು ಯಾರು ಕೇಳ್ತಾರೆ? ಎಲ್ಲರೂ ಕೆಳಗೇ ಕಟ್ಕೊಂಡು ಕೂರ್ತಿದ್ರು. ನಾನೂ ಅದಕ್ಕೇ ಸುಮ್ಮನಿದ್ದೆ."

ಊಟದ ಕಡ್ಡಿಗಳು ಸದ್ದಿಲ್ಲದೆ ಕೆಳಗಿಳಿದವು. ಕಿಟಕಿಯಾಚೆ ದೇವದಾರು ಮರದಿಂದ ಕಲ್ಲಿನವರೆಗೆ ಕೂಟದ ಮನೆಗಳ ಮಾಡುಗಳೇ. ಪ್ರತಿಯೊಬ್ಬರೂ ತಮ್ಮದನ್ನು ಹುಡುಕುತ್ತಿದ್ದರು. ಕುಡಿದ ಮುದುಕಿಯ ಮಾತನ್ನು ನಂಬೋದಾ ಎಂದು ಯಾರೋ ಗೊಣಗಿದರು. ನಂಬಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಹಿಸಾಕೊ ಎದ್ದು ಮನೆಗೆ ಇಳಿದು ಹೋದಳು. ಕಡಲು ಶಾಂತವಾಗಿತ್ತು. ಜ್ವರ ಬಂದು ಮನೆಯಲ್ಲೇ ಉಳಿದಿದ್ದ ಮಿಹೊ ಅತ್ತೆಯ ಪಕ್ಕ ಮಲಗಿದ್ದಳು. ಏನಾಯಿತೆಂದು ಅತ್ತೆ ಕೇಳಿದರು. "ಎದ್ದು ಬನ್ನಿ ಅತ್ತೆ, ಮೇಲೆ ಗುಡಿ ಹತ್ರ ಹೇಳ್ತೀನಿ" ಎಂದು ಮಗುವನ್ನು ಬೆನ್ನಿಗೆ ಕಟ್ಟಿಕೊಂಡಳು.

ಗುಡ್ಡದ ಕಾಲುದಾರಿಯಲ್ಲಿ ಕಪ್ಪುಬಟ್ಟೆಯವರು ಊಟ ಅರ್ಧಕ್ಕೆ ಬಿಟ್ಟು, ಒಬ್ಬರ ಮುಖ ಒಬ್ಬರು ನೋಡದೆ, ತಮ್ಮ ತಮ್ಮ ಮನೆಗಳತ್ತ ಇಳಿದು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ತೊಯೊಜಿ, ಮೊಮ್ಮಗನ ಹೆಸರು ಹಿಡಿದು ಕೂಗುತ್ತಾ. ದಾರಿ ಕಿರಿದು. ಬೆನ್ನು ಬಾಗಿಸಿ ಹತ್ತುತ್ತಿದ್ದ ಹಿಸಾಕೊಳಿಗಾಗಿ ಅವನೇ ಪಕ್ಕಕ್ಕೆ ಸರಿದು ನಿಂತ.