ಮಿಮೂನ್ ಮೇಷ್ಟ್ರಿಗೆ ಹಲಗೆ

ರಹ್ಹೂ ಹೇಸರಗತ್ತೆಯ ಬೆನ್ನಿಂದ ಐದು ದೇವದಾರು ಹಲಗೆಗಳನ್ನು ಕಬರಿನ ಪಕ್ಕ ದೊಪ್ಪನೆ ಕೆಡವಿದ. ಅಟ್ಲಾಸ್ ಬೆಟ್ಟದ ಆ ಊರಿನಲ್ಲಿ ಯಾರೇ ಸತ್ತರೂ ಹೆಣದ ಮೇಲೆ ಮಣ್ಣು ಬೀಳದಂತೆ ಮುಚ್ಚುವ ಹಲಗೆ ನೆರೆಮನೆಗಳಿಂದಲೇ ಬರಬೇಕು; ಸತ್ತವರ ಮನೆಯದು ಸಲ್ಲದು. ಮಿಮೂನ್ ಮೇಷ್ಟ್ರಿಗೆ ಬೇರೆ ಯಾರೂ ಒಂದು ಚೂರೂ ಕೊಟ್ಟಿರಲಿಲ್ಲ. ಕೊಟ್ಟವನು, ಅವರನ್ನು ಕಂಡರೆ ಉರಿದುಬೀಳುತ್ತಿದ್ದ ರಹ್ಹೂ ಒಬ್ಬನೇ.

"ಐದು ವರ್ಷದ ಹಿಂದೆ ತಾನಾಗೇ ಬಿದ್ದ ಮರ," ಎಂದ ಅವನು, ಅರಣ್ಯ ಗಾರ್ಡ್ ಝಾಯಿದ್‌ನತ್ತ ತಿರುಗಿ. "ಏನಪ್ಪಾ, ಮೇಷ್ಟ್ರ ಮುದ್ದಿನ ಶಿಷ್ಯ ಅಲ್ವಾ ನೀನು? ಮರದ ಉಂಗುರ ಎಣಿಸಿ ಹೇಳು. ಸುಳ್ಳಾದ್ರೆ ಹಲಗೆ ಹೊತ್ಕೊಂಡು ಹೋಗು. ನಿನ್ನ ಗುರುಗಳು ಬರೀ ಮಣ್ಣಲ್ಲಿ ಮಲಗ್ಲಿ."

ಬಂದಿದ್ದ ಏಳೆಂಟು ಜನರಲ್ಲಿ ಯಾರೋ ಕಿಸಕ್ಕೆಂದರು.

*

ಇಪ್ಪತ್ತು ವರ್ಷದ ಹಿಂದೆ, ಕಾಡಿನಲ್ಲಿ ಕಡಿದ ಮರದ ಬುಡದ ಸುತ್ತ ಮೇಷ್ಟ್ರು ಮಕ್ಕಳನ್ನು ಕೂರಿಸಿದ್ದರು.

"ಹಿಮ, ಮಳೆ ಚೆನ್ನಾಗಿ ಬಿದ್ದ ವರ್ಷ ಉಂಗುರ ಅಗಲ. ಬರಗಾಲದಲ್ಲಿ ಕೂದಲಷ್ಟು ಸಣ್ಣ. ನಿಮ್ಮಜ್ಜನ ಅಜ್ಜ ಹುಟ್ಟೋ ಮುಂಚಿನ ಮಳೇನ ವಿಜ್ಞಾನಿಗಳು ಹೀಗೇ ಓದ್ತಾರೆ. ತೊಗಟೆ ಕಡೆಯಿಂದ ಎಣಿಸ್ರಿ."

ಒಂಬತ್ತು ವರ್ಷದ ಝಾಯಿದ್ ಬೆರಳಿಟ್ಟ. "ಮೇಷ್ಟ್ರೇ, ಹೋದ ವರ್ಷದ ಬರದ ಸಣ್ಣ ಉಂಗುರ ಇಲ್ಲಿದೆ. ಅದರಾಚೆ ಕೊನೇದು ಅರ್ಧಾನೇ ಇದೆ. ಈ ವರ್ಷವೇ ಕಡಿದಿದ್ದಾರೆ!"

ಹಿಂದೆ ನಿಂತಿದ್ದ ಅಂದಿನ ಗಾರ್ಡ್ ಕೇಳಿಸಿಕೊಂಡ. ಎಂದೋ ಒಣಗಿಹೋಗಿದ್ದ ಮರವನ್ನು ಕಡಿದೆನೆಂದು ರಹ್ಹೂ ಅವನನ್ನು ನಂಬಿಸಿದ್ದ.

"ಹುಡುಗ ಹೇಳಿದ್ದು ಸರಿಯಾ ಮೇಷ್ಟ್ರೇ?"

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಸರಿ," ಎಂದರು.

ರಹ್ಹೂಗೆ ಎಂಟು ತಿಂಗಳು ಜೈಲಾಯಿತು. ಅಷ್ಟರಲ್ಲಿ ಅವನ ತಾಯಿ ಸತ್ತಳು. ಮಣ್ಣು ಹಾಕಲೂ ಮಗನಿರಲಿಲ್ಲ. ಆಮೇಲೆ ಊರು ಮೇಷ್ಟ್ರಿಗೆ ಸಲಾಂ ಹೇಳುವುದನ್ನೂ ಬಿಟ್ಟಿತು. ಮಕ್ಕಳನ್ನು ಮಾತ್ರ ಕಳಿಸುತ್ತಿತ್ತು, ಬೇರೆ ಶಾಲೆ ಇರಲಿಲ್ಲವಲ್ಲ.

*

ಝಾಯಿದ್ ಮಂಡಿಯೂರಿ, ತೊಗಟೆ ಉಳಿದಿದ್ದ ಹಲಗೆಯ ತುದಿ ನೋಡಿದ. ತೊಗಟೆಯಿಂದ ಮೂರನೆಯ ಉಂಗುರ ಅಗಲವಾಗಿತ್ತು: ಹೋದ ವರ್ಷದ ಹಿಂದಿನ ವರ್ಷ ಊರನ್ನೆಲ್ಲ ಹೂತುಹಾಕಿದ್ದ ಹಿಮ. ಐದು ವರ್ಷದ ಹಿಂದೆ ಬಿದ್ದ ಮರದಲ್ಲಿ ಅದು ಇರುವಂತಿಲ್ಲ. ಹಳೇ ಮರ ಎಂದುಬಿಟ್ಟರೆ ಮುಗಿಯಿತು. ಹಾಗನ್ನಬೇಕೆಂದು ಅವನಿಗೆ ನಿಜವಾಗಿಯೂ ಆಸೆಯಾಯಿತು.

"ಈ ವಸಂತದ್ದು. ಹಸಿ ಮರ ಕಡಿದಿದ್ದೀಯ. ಕೇಸ್ ಹಾಕ್ತೀನಿ."

"ಸತ್ತರೂ ಬಿಡಲ್ವಲ್ಲೋ ಈ ಮುದುಕ!" ರಹ್ಹೂ ಕ್ಯಾಕರಿಸಿ ಉಗಿದ. "ಹೂಳು, ಹಂಗೇ ಹೂಳು!"

"ಹಲಗೆ ಇಲ್ದೆ ಮಣ್ಣು ಹಾಕೋ ಹಾಗಿಲ್ಲ," ಇಮಾಮರು ಗೊಣಗಿದರು. "ಬೇಗ ಏನಾದ್ರೂ ಮಾಡಪ್ಪ."

ಝಾಯಿದ್ ಪಕ್ಕದ ಶಾಲೆಗೆ ಹೋಗಿ ಕಪ್ಪುಹಲಗೆಯನ್ನು ಗೋಡೆಯಿಂದ ಕಿತ್ತು ಬೆನ್ನ ಮೇಲೆ ಹೊತ್ತು ತಂದ. ಮೇಷ್ಟ್ರ ಕೊನೆಯ ಪಾಠ ಅದರ ಮೇಲೆ ಹಾಗೇ ಇತ್ತು. ಯಾರೂ ಕೈಹಾಕಲಿಲ್ಲ. ಒಬ್ಬನೇ ಅದನ್ನು ಇಳಿಸಿ ಮೇಷ್ಟ್ರ ಮೇಲೆ ಮುಚ್ಚಿದ.

ಮಣ್ಣು ಹಾಕಲು ಬಗ್ಗಿದಾಗ ಅವನ ಹಸಿರು ಅಂಗಿಯ ಬೆನ್ನ ಮೇಲೆ ಸೀಮೆಸುಣ್ಣದ ಉಂಗುರಗಳು ಬೆಳ್ಳಗೆ ಅಚ್ಚೊತ್ತಿದ್ದವು, ಒಂದರೊಳಗೊಂದು. ಹಿಂದೆ ನಿಂತಿದ್ದ ರಹ್ಹೂ ಅದನ್ನೇ ನೋಡುತ್ತಿದ್ದ. ಕೊನೆಯದು ಅರ್ಧವೇ ಇತ್ತು.